ನೆಗೆಣ್ಣಿಯ ಬಲಗೈ

ನಮ್ಮ ಮನೆಯಲ್ಲಿ ಆಗ ಹೊತ್ತಿಗೆ ಹನ್ನೊಂದು ಜನ ಉಣ್ಣುತ್ತಿದ್ದರು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಉದ್ದನೆಯ ಮಣ್ಣಿನ ಮನೆ. ಮುಂದಿನ ಅಂಕಣದಲ್ಲಿ ಮೂರು ಕುಣಿಮಗ್ಗ, ನಡುವೆ ಕಾಳುಕಡಿ, ಹಿಂದೆ ಒಲೆ. ಗಂಡಸರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆಂದರೆ ಉಣ್ಣುವುದಕ್ಕೇ ಏಳುವುದು. ಅತ್ತೆಗೆ ಮೊಣಕಾಲು ನೋವು. ಕೂತಲ್ಲಿಂದಲೇ ಮನೆ ನಡೆಸುತ್ತಿದ್ದರು. ಉಳಿದ ಕೆಲಸವೆಲ್ಲ ಇಬ್ಬರದು, ನನ್ನದು ಮತ್ತು ನನ್ನ ನೆಗೆಣ್ಣಿಯದು.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನನಗಿಂತ ಎಂಟು ವರ್ಷ ದೊಡ್ಡವಳು. ಬಾದಾಮಿ ಹತ್ತಿರದ ಚೊಳಚಗುಡ್ಡ ಅವಳ ತವರು. ನಾನು ಅಕ್ಕ ಎನ್ನುತ್ತಿದ್ದೆ. ಅವಳಿಗೆ ಮಕ್ಕಳಾಗಿರಲಿಲ್ಲ, ಆ ಮಾತನ್ನು ಮನೆಯಲ್ಲಿ ಯಾರೂ ಎತ್ತದಷ್ಟು ಜೋರು ಅವಳ ಬಾಯಿ, ಅದಕ್ಕಿಂತ ಜೋರು ಅವಳ ಕೆಲಸ. ಬೆಳಗ್ಗೆ ಅವಳು ರೊಟ್ಟಿ ಬಡಿಯುವ ಸಪ್ಪಳ ಮಗ್ಗದ ಸಪ್ಪಳಕ್ಕಿಂತ ಮೊದಲು ಶುರುವಾಗುತ್ತಿತ್ತು. ಜೋಳದ ಹಿಟ್ಟನ್ನು ಬಲ ಅಂಗೈಯಿಂದ ಬಡಿಬಡಿದು ತೆಳ್ಳಗೆ ಮಾಡಿ, ಬರಿಗೈಯಲ್ಲಿ ಎತ್ತಿ ಕಾದ ಹಂಚಿಗೆ ಹಾಕುತ್ತಿದ್ದಳು. ರೊಟ್ಟಿ ಮುಗಿದ ಮೇಲೆ ರಾಟಿ. ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತಿ ಕೊಡುವುದು ಹೆಂಗಸರ ಕೆಲಸ. ಅದಕ್ಕೂ ಬಲಗೈಯಿಂದ ರಾಟಿ ತಿರುಗಿಸುತ್ತಲೇ ಇರಬೇಕು. ನಾನು ಬಾಗಲಕೋಟೆಯಲ್ಲಿ ಮೆಟ್ರಿಕ್‌ವರೆಗೆ ಓದಿದವಳು, ಪೋಸ್ಟ್‌ಮನ್ ಮಗಳು, ತಾಯಿಯಿಲ್ಲದವಳು. ನಾನು ಬಡಿದ ರೊಟ್ಟಿ ಅಂಚಿನಲ್ಲಿ ಹರಿಯುತ್ತಿದ್ದವು. ಅಕ್ಕ ನಗುತ್ತಿರಲಿಲ್ಲ. “ಸರಿ ಅತ್ಲಾಗ, ನೀ ಒಲಿಗೆ ಕಟಗಿ ಇಡು, ನಾ ಬಡೀತೇನಿ” ಎನ್ನುತ್ತಿದ್ದಳು.

ಎಪ್ಪತ್ತರ ದಶಕದ ನಡುವಿನ ಮಾತು. ಒಂದು ಮಧ್ಯಾಹ್ನ ಬಚ್ಚಲಲ್ಲಿ ಬೆನ್ನು ತಿಕ್ಕಲು ನನ್ನನ್ನು ಕರೆದಳು. ತಿಕ್ಕುತ್ತಿದ್ದಂತೆ ನನ್ನ ಕೈ ಹಿಡಿದು ತನ್ನ ಬಲ ಎದೆಯ ಮೇಲಿಟ್ಟಳು. ಅಡಿಕೆಯಷ್ಟು ದೊಡ್ಡದು, ಒತ್ತಿದರೆ ಕದಲದ ಗಂಟು.

“ಎಷ್ಟ ದಿನ ಆತಕ್ಕ?”

“ಹ್ವಾದ ಉಗಾದಿಗೆ ಇನ್ನೂ ಸಣ್ಣದಿತ್ತು.”

“ಯಾರಿಗೂ ಹೇಳಿಲ್ಲೇನು?”

“ಯಾರಿಗೆ ಹೇಳ್ಲಿ? ನೋವಿಲ್ಲ ಏನಿಲ್ಲ. ಅದರ ಪಾಡಿಗೆ ಅದು ಐತಿ.”

ಹುನಗುಂದದ ದವಾಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಮುಟ್ಟಿ ನೋಡಿ, ಭಾವನನ್ನು ಹೊರಗೆ ಕರೆದು, ಇದು ತಮ್ಮ ಕೈಯಲ್ಲಾಗುವುದಲ್ಲ, ತಡ ಮಾಡಬೇಡಿ ಎಂದರಂತೆ. ಬಾಗಲಕೋಟೆಯಲ್ಲಿ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದೆವು. ಜೊತೆಗೆ ಹೆಂಗಸು ಬೇಕು, ಓದು ಬರುವವಳು ಬೇಕು ಎಂದು ನನ್ನನ್ನೇ ಕಳಿಸಿದರು. ಬಲ ಎದೆಯನ್ನು ಪೂರ್ತಿ ತೆಗೆದರು, ಬಗಲಿನ ಒಳಗಿನ ಗಂಟುಗಳನ್ನೂ ತೆಗೆದರು. ಆಮೇಲೆ ಐದು ವಾರ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡುವುದಿತ್ತು. ಭಾವ ಮಗ್ಗ ಬಿಟ್ಟು ಅಷ್ಟು ದಿನ ಇರಲಾರದೆ ಊರಿಗೆ ಹೋದರು. ನಾವಿಬ್ಬರೇ ಧರ್ಮಶಾಲೆಯ ಒಂದು ಮೂಲೆಯಲ್ಲಿ ಉಳಿದೆವು. ಪಟ್ಟಿ ಬಿಚ್ಚಿದ ದಿನ ಅಕ್ಕ ತನ್ನ ಎದೆಯನ್ನು ಒಂದು ಸಲ ನೋಡಿಕೊಂಡು ಸೆರಗು ಹೊದ್ದಳು. “ಹೊಲಾ ಹರಗಿದಂಗ ಆಗೈತಿ” ಅಂದಳು. ಅಳಲಿಲ್ಲ. ಆ ದಿನಗಳಲ್ಲೇ ನನಗೆ ಮುಟ್ಟು ನಿಂತದ್ದು, ದವಾಖಾನೆಯ ವಾಸನೆಗೆ ವಾಕರಿಕೆ ಬರತೊಡಗಿದ್ದು. ಅಕ್ಕನಿಗೇ ಮೊದಲು ಗೊತ್ತಾಯಿತು. ತನ್ನ ನೋವು ಮರೆತು ನನ್ನ ಗಲ್ಲ ಹಿಡಿದು, “ನಿಮ್ಮವ್ವ ಇಲ್ಲ ಅಂತ ಚಿಂತಿ ಮಾಡಬ್ಯಾಡ, ಬಾಣಂತನ ನಾ ಮಾಡ್ತೇನಿ” ಅಂದಳು.

ಊರಿಗೆ ಹೊರಡುವ ಹಿಂದಿನ ದಿನ ಒಬ್ಬ ನರ್ಸಮ್ಮ ನನ್ನನ್ನು ವರಾಂಡಕ್ಕೆ ಕರೆದರು. ನಡುವಯಸ್ಸಿನವರು, ಕನ್ನಡದವರೇ.

“ಸಾಲಿ ಕಲ್ತಾಕಿ ನೀನೇ ಅಲ್ಲೇನು? ಲಕ್ಷ್ಯ ಕೊಟ್ಟು ಕೇಳು. ಕೈಯಾಗಿನ ನೀರು ಬಗಲಾಗಿನ ಗಂಟಿನ ಮೂಲಕ ಹಾದು ಮೈಗೆ ಹೋಗಬೇಕು. ಆ ಗಂಟು ತಗದೇವಿ. ಇನ್ನ ಮ್ಯಾಲ ಆ ಕೈಯಾಗ ನೀರು ನಿಂತು ಬಾವು ಬರಬಹುದು. ಇವತ್ತಲ್ಲ, ಎರಡು ವರ್ಷಕ್ಕೂ ಬರಬಹುದು, ಹತ್ತು ವರ್ಷಕ್ಕೂ ಬರಬಹುದು. ಒಮ್ಮೆ ಬಂತಂದ್ರ ಪೂರಾ ಹೋಗೂದಿಲ್ಲ.”

ಆಮೇಲೆ ಒಂದೊಂದಾಗಿ ಹೇಳಿದರು. ಆ ಕೈಗೆ ಇಂಜೆಕ್ಷನ್ ಕೊಡಿಸಬಾರದು, ರಕ್ತ ತೆಗೆಸಬಾರದು. ಸುಟ್ಟುಕೊಳ್ಳಬಾರದು, ಕೊಯ್ದುಕೊಳ್ಳಬಾರದು, ಮುಳ್ಳು ಚುಚ್ಚಿಸಿಕೊಳ್ಳಬಾರದು. ತುಂಬಿದ ಕೊಡ ಹೊರಬಾರದು. ಬಿಗಿ ಬಳೆ, ಬಿಗಿ ಕುಪ್ಪಸ ಬೇಡ. ಮಲಗುವಾಗ ಕೈ ದಿಂಬಿನ ಮೇಲಿರಬೇಕು. ದಿನಾ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುತ್ತ ಕೈ ಎತ್ತಬೇಕು, ತಲೆ ತಾನೇ ಬಾಚಿಕೊಳ್ಳಬೇಕು. ಕೈ ಕೆಂಪಾಗಿ ಜ್ವರ ಬಂದರೆ ಅದೇ ದಿನ ದವಾಖಾನೆಗೆ ಓಡಬೇಕು.

“ಹೇಳು ನೋಡೂನು,” ಅಂದರು. ನಾನು ಸಾಲಿಯಲ್ಲಿ ಪಾಠ ಒಪ್ಪಿಸಿದಂತೆ ಎಲ್ಲವನ್ನೂ ಒಪ್ಪಿಸಿದೆ. ಒಂದೂ ತಪ್ಪಲಿಲ್ಲ. ಅವರು ನನ್ನ ಬೆನ್ನು ತಟ್ಟಿ, “ಶಾಣ್ಯಾ ಅದಿ. ಅಕಿ ಕೇಳೂದಿಲ್ಲ, ಹಠಮಾರಿ ಅದಾಳ. ನೀನೇ ನೋಡ್ಕೊಬೇಕು” ಅಂದರು. “ಭಾರಾ ಎತ್ತೂದು, ರೊಟ್ಟಿ ಗಿಟ್ಟಿ ಎಲ್ಲಾ ಇನ್ನ ಬ್ಯಾರೇದವರ ಮಾಡಬೇಕು.”

ರೈಲಿನಲ್ಲಿ ಅಕ್ಕ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದಳು. ನಾನು ಎಣಿಸುತ್ತ ಕೂತೆ. ಹನ್ನೊಂದು ಜನರ ರೊಟ್ಟಿ. ಮೂರು ಮಗ್ಗದ ಕಂಡಿಕೆ. ನೀರು, ಕಟ್ಟಿಗೆ, ಬಟ್ಟೆ. ಹೊಟ್ಟೆಯಲ್ಲಿ ಕೂಸು. ಇನ್ನು ಬದುಕಿರುವವರೆಗೆ ಇದೆಲ್ಲ ನನ್ನೊಬ್ಬಳದೇ. ವಿಜಾಪುರ ದಾಟುವಷ್ಟರಲ್ಲಿ ನನಗೆ ಅಳು ಬಂದಿತ್ತು. ಅಕ್ಕ ಎಚ್ಚರಾಗಿ, ಯಾಕೆ ಎಂದು ಕೇಳಿದಳು. ವಾಂತಿ ಬರುವಂತಾಗಿದೆ ಎಂದೆ.

ಮನೆ ಮುಟ್ಟಿದಾಗ ಎಲ್ಲರೂ ಸುತ್ತ ಕೂಡಿದರು. ಅತ್ತೆ ಕೇಳಿದರು, “ದವಾಖಾನ್ಯಾಗ ಏನೇನ ಹೇಳಿ ಕಳ್ಸ್ಯಾರ?”

“ಎರಡು ತಿಂಗಳು ಭಾರಾ ಎತ್ತಬಾರದಂತ್ರಿ ಅತ್ತಿ,” ಅಂದೆ. “ದಿನಾ ಗ್ವಾಡಿ ಮ್ಯಾಲ ಕೈ ಹತ್ತಿಸಬೇಕಂತ.”

“ಆಮ್ಯಾಲ?”

“ಆಮ್ಯಾಲ ಏನಿಲ್ಲ.”

ಇಷ್ಟೇ ಹೇಳಿದ್ದು. ಇದನ್ನು ಬರೆಯುವುದಕ್ಕೆ ಇಷ್ಟು ವರ್ಷ ಹಿಡಿಯಿತು. ನಾನು ಮರೆತಿರಲಿಲ್ಲ, ತಪ್ಪು ತಿಳಿದುಕೊಂಡೂ ಇರಲಿಲ್ಲ. ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಮುಂದೆ ಸಾವಕಾಶ ಹೇಳಿದರಾಯಿತು ಎಂದು ಆ ಗಳಿಗೆಯಲ್ಲಿ ನನಗೆ ನಾನೇ ಹೇಳಿಕೊಂಡೆ.

ಗೋಡೆಯ ಮೇಲೆ ಕೈ ಹತ್ತಿಸುವುದೂ ನಾಲ್ಕು ದಿನ ನಡೆಯಿತು. ನೋವಿಗೆ ಅಕ್ಕ ಹಲ್ಲು ಕಚ್ಚುವುದನ್ನು ಕಂಡು ಅತ್ತೆ, “ಹೊಲಿಗಿ ಬಿಚ್ಚತಾವ, ಸುಮ್ನ ಕೂಡ್ರು” ಎಂದು ಗದರಿದರು. ನಾನು ಎದುರಾಡಲಿಲ್ಲ. ಎರಡು ತಿಂಗಳು ತುಂಬಿದ ಮರುದಿನ ಅಕ್ಕ ತಾನಾಗಿಯೇ ಒಲೆಯ ಮುಂದೆ ಕೂತು ಹಿಟ್ಟು ನಾದಿದಳು. ನನ್ನ ಹೊಟ್ಟೆ ಆಗ ಕಾಣಿಸುವಷ್ಟಾಗಿತ್ತು. “ಏಳು, ಹೊಗಿ ಕುಡೀಬ್ಯಾಡ” ಎಂದು ನನ್ನನ್ನು ಎಬ್ಬಿಸಿ ಕಳಿಸಿದಳು. ಎದ್ದು ಹೋದೆ.

ಮಗ ಹುಟ್ಟಿದ. ಕೊಟ್ಟ ಮಾತಿನಂತೆ ಬಾಣಂತನ ಅವಳೇ ಮಾಡಿದಳು. ಕುದಿಯುವ ಹಂಡೆಯಿಂದ ನೀರು ತೋಡಿ ನನಗೆ ಎರೆದಳು, ಕೂಸಿಗೆ ಎರೆದಳು. ಅದು ನಡೆಯುವವರೆಗೂ ಬಲಗೈಯ ಮೇಲೇ ಹೊತ್ತು ತಿರುಗಿದಳು. ಅವಳ ಆ ಕೈ ನೋಡಿದಾಗಲೆಲ್ಲ ನನಗೆ ಒಳಗೆ ಚುರುಕ್ಕೆನ್ನುತ್ತಿತ್ತು. ಕೈ ಚೆನ್ನಾಗಿಯೇ ಇತ್ತು. ಒಂದು ವರ್ಷ ಕಳೆಯಿತು, ಎರಡಾಯಿತು. ನರ್ಸಮ್ಮ ಹೆದರಿಸಲು ಹೇಳಿದ್ದಿರಬೇಕು ಎಂದುಕೊಳ್ಳುವಷ್ಟು ಧೈರ್ಯ ನನಗೆ ಬಂದಿತ್ತು.

ಮೊದಲು ಬಿಗಿಯಾದದ್ದು ಬಳೆ. ಸಂಜೆಯಾದರೆ ಮಣಿಕಟ್ಟಿನ ಹತ್ತಿರ ಗೆರೆ ಮೂಡುತ್ತಿತ್ತು, ಬೆಳಗ್ಗೆ ಇಳಿಯುತ್ತಿತ್ತು. ಆಮೇಲೆ ಬೆಳಗ್ಗೆಯೂ ಇಳಿಯಲಿಲ್ಲ. ಸಾಬೂನು ಹಚ್ಚಿದರೂ ಬಳೆ ಬರಲಿಲ್ಲ. ಅತ್ತೆ ಕಣ್ಣೀರು ಹಾಕುತ್ತ, ಬಟ್ಟೆ ಸುತ್ತಿ ಒಂದೊಂದನ್ನೇ ಒಡೆದರು. ಗಂಡನಿರುವ ಹೆಂಗಸಿನ ಬಲಗೈ ಬರಿದಾಯಿತು ಎಂಬುದೇ ಅವರಿಗೆ ದೊಡ್ಡದು. ತಿಂಗಳೊಪ್ಪತ್ತಿನಲ್ಲಿ ಖಣದ ಕುಪ್ಪಸದ ತೋಳು ಏರಲಿಲ್ಲ; ಹೊಲಿಗೆ ಬಿಚ್ಚಿ ಬೇರೆ ಬಟ್ಟೆ ಸೇರಿಸಿದೆವು. ತೋಳು ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು.

ಆಗಲಾದರೂ ಹೇಳಬಹುದಿತ್ತು. ಆದರೆ ಆಗ ಹೇಳಿದರೆ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಒಂದು ಸಲ ಸುಮ್ಮನಿದ್ದುದಕ್ಕೆ ಮತ್ತೆ ಮತ್ತೆ ಸುಮ್ಮನಿರಬೇಕಾಯಿತು. ಆ ಮಳೆಗಾಲ ಅಕ್ಕನಿಗೆ ಚಳಿಜ್ವರ ಬಂತು. ಓಣಿಯ ಕಂಪೌಂಡರ್ ಬಂದು ಸೂಜಿಗೆ ಔಷಧ ತುಂಬಿ, ಹತ್ತಿರ ಸಿಕ್ಕ ಕೈ ಹಿಡಿದ. ಅದು ಬಲಗೈ. ನಾನು ಬಾಗಿಲಲ್ಲಿ ನಿಂತಿದ್ದೆ. ಎಡಗೈಗೆ ಕೊಡ್ರಿ ಎನ್ನಲು ಕಾರಣ ಹೇಳಬೇಕಾಗಿಯೂ ಇರಲಿಲ್ಲ. ಎರಡು ಶಬ್ದದ ಮಾತು. ಅದನ್ನೂ ಆಡಲಿಲ್ಲ.

ಮೂರನೆಯ ದಿನ ಕೈ ಕೆಂಪಗೆ ಕಾದ ಹಂಚಿನಂತಾಯಿತು. ಜ್ವರದಲ್ಲಿ ಗಡಗಡ ನಡುಗಿದಳು. ಗುಳಿಗೆ ತಿಂದು ಜ್ವರ ಇಳಿಯಿತು, ಕೈ ಇಳಿಯಲಿಲ್ಲ. ಅಲ್ಲಿಂದ ಮುಂದೆ ಎರಡು ಮೂರು ತಿಂಗಳಿಗೊಮ್ಮೆ ಇದೇ ಆಯಿತು, ಪ್ರತಿ ಸಲವೂ ಕೈ ಇನ್ನಷ್ಟು ದಪ್ಪವಾಗಿ, ಇನ್ನಷ್ಟು ಗಡುಸಾಗಿ ಉಳಿಯಿತು. ಓಣಿಯಲ್ಲಿ ಆನೆಕಾಲು ರೋಗ ಕೈಗೆ ಬಂದಿದೆ ಎಂದು ಮಾತಾಯಿತು. ಬಾವಿಯ ಹತ್ತಿರ ಹೆಂಗಸರು ಅವಳ ಕೊಡ ಮುಟ್ಟದೆ ಸರಿದು ನಿಲ್ಲತೊಡಗಿದರು. ಜೋರುಬಾಯಿಯ ಅಕ್ಕ ಅವರಿಗೆ ಒಂದು ಮಾತು ಅನ್ನಲಿಲ್ಲ. ಬಾವಿಗೆ ಹೋಗುವುದನ್ನೇ ಬಿಟ್ಟಳು, ಸೆರಗನ್ನು ಬಲಗಡೆ ಎಳೆದು ಕೈ ಮುಚ್ಚಿಕೊಂಡಳು. ಕೈ ಎಷ್ಟು ಭಾರ ಎಂದು ಒಮ್ಮೆ ಕೇಳಿದೆ. “ತುಂಬಿದ ಕೊಡಾ ಕಟ್ಟಿಕೊಂಡು ಅಡ್ಯಾಡಿದಂಗ ಐತಿ. ಇಳಿಸಾಕ ಜಾಗಾ ಇಲ್ಲ” ಅಂದಳು.

ತವರಿನವರು ಬಂದು ನಾಲ್ಕು ದಿನ ವಿಶ್ರಾಂತಿಯಿರಲೆಂದು ಕರೆದುಕೊಂಡು ಹೋದರು. ಹದಿನೈದು ದಿನ ಕಳೆದರೂ ಸುದ್ದಿಯಿಲ್ಲದೆ, ನಾನು ಮಗನನ್ನು ಎತ್ತಿಕೊಂಡು ಬಾದಾಮಿಯ ಬಸ್ಸು ಹಿಡಿದೆ. ಬನಶಂಕರಿಯಲ್ಲಿ ಇಳಿದು ಚೊಳಚಗುಡ್ಡಕ್ಕೆ ನಡೆದೆ. ಅವರ ಮನೆಯ ಪಡಸಾಲೆಯಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ಕೈಯನ್ನು ಬಾಳೆಲೆಯ ಮೇಲಿಟ್ಟುಕೊಂಡಿದ್ದಳು. ತೋಳಿನಿಂದ ಮಣಿಕಟ್ಟಿನವರೆಗೆ ಅಡ್ಡಡ್ಡ ಐದು ಸುಟ್ಟ ಗೆರೆ, ಎಲ್ಲದರಿಂದಲೂ ನೀರು ಸೋರುತ್ತಿತ್ತು. ನೀರು ಹೊರಗೆ ಹೋಗಲೆಂದು ಯಾರೋ ಬಲ್ಲವರು ಕಾಸಿದ ಕಬ್ಬಿಣದಿಂದ ಬರೆ ಎಳೆದಿದ್ದರು.

“ನೀನೂ ಹೂಂ ಅಂದ್ಯಾ?” ಎಂದು ಕೇಳಿದೆ.

“ಮತ್ತೇನ ಮಾಡ್ಲಿ? ಹೇಳವರು ಯಾರರ ಇದ್ರನ? ಯಾರೇನ ಹೇಳ್ತಾರ ಅದನ ಮಾಡೂದು.”

ಮಗ ಅವಳ ಕೈ ನೋಡಿ ಹೆದರಿ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ. ಅವಳು ನೋಡಿದಳು. ಅಷ್ಟರೊಳಗೆ ನಾನು ಸತ್ತು ಹೋಗಿದ್ದರೆ ಚೆನ್ನಾಗಿತ್ತು ಎನಿಸಿತು ನನಗೆ.

ಅಲ್ಲಿಂದ ನೇರ ಬಾಗಲಕೋಟೆಗೆ ಕರೆದೊಯ್ದೆ. ನಮ್ಮಪ್ಪ ಒಬ್ಬ ಲೇಡಿ ಡಾಕ್ಟರ ಬಳಿ ಕಳಿಸಿದರು. ಅವರು ಹೊಸದಾಗಿ ದವಾಖಾನೆ ತೆರೆದಿದ್ದರು. ಗಾಯ ತೊಳೆದು, ಎಡಗೈಗೆ ಪೆನ್ಸಿಲಿನ್ ಕೊಟ್ಟು, ಎದೆಯ ಹಳೆಯ ಗಾಯದ ಗುರುತು ನೋಡಿದರು.

“ಆಪರೇಶನ್ ಆದ ಮ್ಯಾಲ ಈ ಕೈ ಹ್ಯಾಂಗ ಇಟ್ಕೊಬೇಕು ಅಂತ ನಿಮಗ ಯಾರೂ ಹೇಳಲಿಲ್ಲೇನು?”

“ಯಾರೂ ಏನೂ ಹೇಳಲಿಲ್ರಿ ಬಾಯಾರ,” ಅಂದಳು ಅಕ್ಕ.

“ಏನ ದವಾಖಾನಿನೋ, ಏನ ಮಂದಿನೋ,” ಎಂದು ಡಾಕ್ಟರ್ ಸಿಟ್ಟಾದರು. “ಎರಡು ಮಾತು ಹೇಳಿ ಕಳ್ಸಾಕ ಇವರ ಗಂಟೇನ ಹೋಗ್ತಿತ್ತು?”

ಬೆನ್ನು ತಟ್ಟಿ ಕಳಿಸಿದ ಆ ನರ್ಸಮ್ಮನ ಮುಖ ನನ್ನ ಕಣ್ಣ ಮುಂದೆ ಬಂತು. ಅವರ ಮೇಲೆ ಬಂದ ಅಪವಾದವನ್ನು ಹಾಗೇ ಬಿಟ್ಟೆ. ಮೇಜಿನ ಮೇಲಿನ ಹತ್ತಿಯ ಸುರುಳಿ ನೋಡುತ್ತ ನಿಂತೆ.

ಡಾಕ್ಟರು ನನಗೆ ಕಲಿಸಿದರು. ಬೆರಳ ತುದಿಯಿಂದ ಚರ್ಮವನ್ನಷ್ಟೇ ಸರಿಸುವಂತೆ, ಒತ್ತದೆ, ಮೊದಲು ತೋಳು, ಆಮೇಲೆ ಮೊಣಕೈ, ಆಮೇಲೆ ಕೈ, ಎಲ್ಲವನ್ನೂ ಭುಜದತ್ತ, ಎದೆಯ ಎಡಬದಿಯತ್ತ ನೀವಬೇಕು. ನೀವಿದ ಮೇಲೆ ಪಟ್ಟಿ ಸುತ್ತಬೇಕು, ಬೆರಳಿನ ಕಡೆ ಸ್ವಲ್ಪ ಬಿಗಿ, ಮೇಲೆ ಹೋದಂತೆ ಸಡಿಲ. ದಿನಾ ಬೆಳಗ್ಗೆ ಬಿಚ್ಚಿ ಚರ್ಮ ನೋಡಬೇಕು, ಎಲ್ಲಾದರೂ ಕೆಂಪು ಕಂಡರೆ ಆ ದಿನವೇ ಗುಳಿಗೆ ಶುರು ಮಾಡಿ ತಮ್ಮ ಬಳಿ ಬರಬೇಕು. “ಕೈಯನ್ನ ಪೂರಾ ಕೆಡವಿ ಕೂಡ್ರಬ್ಯಾಡ್ರಿ,” ಎಂದು ಅಕ್ಕನಿಗೆ ಹೇಳಿದರು. “ಹಗೂರ ಕೆಲಸ ಮಾಡ್ರಿ, ನಡನಡುವೆ ಕೈ ಮ್ಯಾಲ ಇಟ್ಟು ಕೂಡ್ರಿ. ಬೆಂಕಿ ಮುಂದ ಮಾತ್ರ ಬ್ಯಾಡ.”

ಆ ದಿನದಿಂದ ಒಲೆ ಪೂರ್ತಿ ನನ್ನದಾಯಿತು. ನಾನು ಅಷ್ಟು ಹೆದರಿದ್ದ ರೊಟ್ಟಿ, ನೋಡಿದರೆ, ಬಡಿಯಬಹುದಾಗಿತ್ತು. ಮೈ ನೋಯುತ್ತಿತ್ತು, ಅಷ್ಟೆ. ಒಂದು ಹೆಂಗಸು ಮಾಡಿ ಮುಗಿಸಬಹುದಾದ ಕೆಲಸವೇ ಅದು. ಇದು ಗೊತ್ತಾದ ದಿನ ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಅತ್ತುಬಿಟ್ಟೆ.

ಕೊಂಡು ತಂದ ಪಟ್ಟಿಗಳು ಒಗೆದು ಒಗೆದು ಜೂಲು ಜೂಲಾದವು, ಇಳಕಲ್ಲಿನಲ್ಲಿ ಮತ್ತೆ ಸಿಗಲಿಲ್ಲ. ಭಾವ ಒಂದು ದಿನ ಮಗ್ಗದ ಮೇಲೆ ಗಂಜಿ ಹಾಕದ ಮೆತ್ತನೆಯ ಹತ್ತಿ ನೂಲು ಹೂಡಿ, ನಾಲ್ಕು ಬೆರಳಗಲದ ಉದ್ದನೆಯ ಪಟ್ಟಿ ನೇಯ್ದು ಕೊಟ್ಟರು. ಆಮೇಲೆ ಅದು ಸವೆದಾಗಲೆಲ್ಲ ಹೊಸದು ನೇಯುತ್ತಿದ್ದರು. ಮೂರು ವರ್ಷ ದಿನಾ ಬೆಳಗ್ಗೆ ನಾನು ಆ ಕೈ ನೀವಿದೆ, ಸುತ್ತಿದೆ. ಜ್ವರ ಬರುವುದು ಕಡಿಮೆಯಾಯಿತು. ಕೈ ಒಂದಿಷ್ಟು ಇಳಿಯಿತು, ಆಮೇಲೆ ನಿಂತಿತು. ಬರೆಯ ಕೆಳಗಿನ ಚರ್ಮ ಗಟ್ಟಿಯಾಗಿ ಹೋಗಿತ್ತು, ಅಲ್ಲಿ ಏನು ಮಾಡಿದರೂ ನೀರು ಸರಿಯಲಿಲ್ಲ. ತಡವಾಗಿ ಬಂದಿರಿ ಎಂದು ಡಾಕ್ಟರು ಪ್ರತಿ ಸಲವೂ ಹೇಳುತ್ತಿದ್ದರು.

ಅಕ್ಕ ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳುವಳು, “ಒಡಹುಟ್ಟಿದಾಕಿ ಮಾಡೂದಿಲ್ಲ ಇಷ್ಟು. ನನ್ನ ನೆಗೆಣ್ಣಿ ಅಂತ ನಾ ಜೀವಂತ ಅದೇನಿ.” ಓಣಿಯ ಸೊಸೆಯಂದಿರಿಗೆ ಅತ್ತೆಯರು ನನ್ನ ಉದಾಹರಣೆ ಕೊಡುತ್ತಿದ್ದರು. ಒಂದು ದಿನ ಚೊಳಚಗುಡ್ಡದಿಂದ ಅವಳ ತಾಯಿ ಬಂದು, ಮುದುಕಿ, ಎಲ್ಲರೆದುರು ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು. ನಾನು ಹಿಂದೆ ಸರಿದು ಹಿತ್ತಲಿಗೆ ಓಡಿದೆ.

ಮರುದಿನ ಮಧ್ಯಾಹ್ನ, ಗಂಡಸರು ಉಂಡು ಮಗ್ಗಕ್ಕೆ ಹೋದ ಮೇಲೆ, ಹಿತ್ತಲ ಕಟ್ಟೆಯ ಮೇಲೆ ಅವಳ ಕೈಗೆ ಪಟ್ಟಿ ಸುತ್ತುತ್ತ ಹೇಳಿದೆ. ನರ್ಸಮ್ಮ ಹೇಳಿದ್ದನ್ನು ಒಂದೊಂದಾಗಿ, ಅವತ್ತು ಒಪ್ಪಿಸಿದಂತೆಯೇ. ರೈಲಿನಲ್ಲಿ ಅತ್ತದ್ದು ಯಾಕೆಂದು ಹೇಳಿದೆ. ಕಂಪೌಂಡರ್ ಸೂಜಿ ಚುಚ್ಚುವಾಗ ಬಾಗಿಲಲ್ಲಿ ನಿಂತಿದ್ದೆನೆಂದು ಹೇಳಿದೆ. ಅವಳು ನನ್ನ ಮುಖ ನೋಡುತ್ತ ಪೂರ್ತಿ ಕೇಳಿದಳು.

“ಆ ನರ್ಸಮ್ಮ ಎಲ್ಲಾ ಹೇಳಿದ್ರನ?” ಎಂದು ಕೇಳಿದಳು.

“ಹೂಂ, ಅಕ್ಕ. ಎಲ್ಲಾ.”

ಅವಳು ಕೈಯನ್ನು ನನ್ನ ಮಡಿಲಿನಿಂದ ತೆಗೆದುಕೊಂಡಳು. ಅರ್ಧ ಸುತ್ತಿದ ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು, ಎಡಗೈಯಿಂದ ಉಳಿದದ್ದನ್ನು ತಾನೇ ಸುತ್ತಿಕೊಂಡು, ಎದ್ದು ಒಳಗೆ ಹೋದಳು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ. ಉಪ್ಪು ಎಲ್ಲಿದೆ, ಹಾಲು ಬಂತೇ, ಮಗ ಸಾಲಿಯಿಂದ ಬಂದನೇ, ಇಂಥ ಮಾತು ಮೊದಲಿನಂತೆಯೇ ನಡೆದವು. ಕೈ ಮಾತ್ರ ನನಗೆ ಮುಟ್ಟಗೊಡಲಿಲ್ಲ. ಭಾವ ಒಂದು ದಿನ ಕೇಳಿದರು, “ಯಾಕ, ನಿಮ್ಮಿಬ್ಬರೊಳಗ ಏನಾತು?” ಅಕ್ಕ ನನ್ನ ಕಡೆ ನೋಡದೆ, “ಏನಿಲ್ಲ, ಅಕಿಗೆ ಕೆಲಸ ಭಾಳ ಆಗೈತಿ” ಅಂದಳು.

ತಿಂಗಳ ಮೇಲೆ, ಇಬ್ಬರೂ ಜೋಳ ಹಸನು ಮಾಡುತ್ತ ಕೂತಾಗ, ಮೊರದಿಂದ ಕಣ್ಣೆತ್ತದೆ ಅವಳೇ ಮಾತು ತೆಗೆದಳು.

“ಮನಿಯವರಿಗೆ ಹೇಳದಿದ್ರ ಬಿಡು. ನನಗರ ಹೇಳಬೇಕಿತ್ತು ನೀ.”

“ಹೇಳಿದ್ರ ನೀ ಕೆಲಸ ಬಿಡ್ತಿದ್ದೇನಕ್ಕ?”

“ಬಿಡ್ತಿದ್ನೋ ಇಲ್ಲೋ. ಬಸುರಿ ಹೆಂಗಸಿನ ಕಡೆ ಮಾಡ್ಸಿ ಕುಂತು ಉಣ್ತಿದ್ದಿಲ್ಲೇನೋ. ಆದ್ರ ಅದು ನನ್ನ ಕೈ.” ಒಂದು ಹಿಡಿ ಕಾಳು ಆರಿಸಿ ಪಕ್ಕಕ್ಕೆ ಹಾಕಿದಳು. “ಬರೀ ಎಳಿಯಾಕ ಬಂದಾಗ, ಬ್ಯಾಡ ಅನ್ನಾಕರ ನನಗ ಗೊತ್ತಿರತಿತ್ತು.”

ಇದಾದ ಮೇಲೆ ಅವಳು ಆ ವಿಷಯ ಎಂದೂ ಎತ್ತಲಿಲ್ಲ.

ಅವಳು ತಾನೇ ಸುತ್ತಿಕೊಂಡ ಪಟ್ಟಿ ಮೇಲೆ ಬಿಗಿಯಾಗಿ, ಕೆಳಗೆ ಸಡಿಲವಾಗಿರುತ್ತಿತ್ತು. ಅಂಗೈ ಊದಿ, ಬೆರಳುಗಳು ಒಂದಕ್ಕೊಂದು ತಾಗಿ ಸಂದಿಯಲ್ಲಿ ಬಿರುಕು ಬಿಟ್ಟವು. ದೂರದಿಂದ ನೋಡುತ್ತಿದ್ದೆ. ಭಾವನಿಗೆ ಸುತ್ತುವುದನ್ನು ಕಲಿಸಿದೆ. ಅವರು ಸುತ್ತಿದ ದಿನ ಚೆನ್ನಾಗಿರುತ್ತಿತ್ತು. ಮಗ್ಗದ ಕೆಲಸ ಜೋರಾದ ದಿನಗಳಲ್ಲಿ ಅವರಿಗೆ ಪುರುಸೊತ್ತಿರಲಿಲ್ಲ, ಅವಳು ಕರೆಯುತ್ತಲೂ ಇರಲಿಲ್ಲ. ಹೀಗೇ ಎರಡು ವರ್ಷ.

ಒಂದು ಬೇಸಿಗೆಯಲ್ಲಿ ಕಟ್ಟಿಗೆ ಸರಿಸುವಾಗ ಜಾಲಿಯ ಮುಳ್ಳು ಚುಚ್ಚಿತು, ಪಟ್ಟಿಯ ಮೇಲಿಂದಲೇ. ಅವಳು ಕಿತ್ತು ಒಗೆದು ಸುಮ್ಮನಾದಳು. ಎರಡು ದಿನ ಪಟ್ಟಿ ಬಿಚ್ಚಿ ನೋಡಿದವರಿಲ್ಲ. ಮೊದಲಿನಂತೆ ನಾನೇ ಬೆಳಗ್ಗೆ ಬಿಚ್ಚುತ್ತಿದ್ದರೆ ಕೆಂಪು ಮೂಡಿದ ದಿನವೇ ಕಾಣುತ್ತಿತ್ತು. ಗುಳಿಗೆ ಡಬ್ಬಿಯಲ್ಲಿ ಇದ್ದವು. ಮೂರನೆಯ ದಿನ ಅವಳು ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ಕುಸಿದಾಗಲೇ ನಮಗೆ ಗೊತ್ತಾದದ್ದು. ಕೆಂಪು ಭುಜ ದಾಟಿ ಕುತ್ತಿಗೆಗೆ ಬಂದಿತ್ತು. ಹೇಳದೆ ಇದ್ದು ಕೈ ಕೆಡಿಸಿದೆ. ಹೇಳಿ, ಆ ಕೈಯನ್ನು ದಿನಾ ನೋಡುತ್ತಿದ್ದ ಒಂದು ಜೊತೆ ಕಣ್ಣನ್ನೂ ಅವಳಿಂದ ತಪ್ಪಿಸಿದೆ. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

ಜೀಪಿನಲ್ಲಿ ಬಾಗಲಕೋಟೆಗೆ ಒಯ್ದೆವು. ಹುನಗುಂದ ದಾಟುವಾಗ ನೀರು ಕೇಳಿದಳು. ನನ್ನ ತೊಡೆಯ ಮೇಲೆ ತಲೆಯಿತ್ತು. ಕುಡಿಸಿದೆ. ಯಾರು ಕುಡಿಸುತ್ತಿದ್ದಾರೆಂಬ ಖಬರು ಅವಳಿಗಿರಲಿಲ್ಲ. “ಅವ್ವಾ, ಸಾಕು” ಅಂದಳು. ಡಾಕ್ಟರು ಮೂರು ದಿನ ಕೈಲಾದದ್ದೆಲ್ಲ ಮಾಡಿದರು. ರಕ್ತದಲ್ಲಿ ನಂಜು ಸೇರಿತ್ತು. ಮೂರನೆಯ ದಿನ ಬೆಳಗ್ಗೆ ಹತ್ತು ಗಂಟೆಯ ಸುಮಾರಿಗೆ, ಭಾವ ಚಹಾ ತರಲು ಹೊರಗೆ ಹೋದಾಗ, ಹೋದಳು. ನಾನೊಬ್ಬಳೇ ಹತ್ತಿರ ಇದ್ದೆ. ಆಗ ಆ ಕೈಯನ್ನು ಎತ್ತಿ ಹಿಡಿದುಕೊಂಡೆ. ಬೇಡ ಎನ್ನಲು ಅವಳಿರಲಿಲ್ಲ.

ದಿವಸದ ಕಾರ್ಯಗಳೆಲ್ಲ ಮುಗಿದು ಎರಡು ತಿಂಗಳಾದ ಮೇಲೆ, ಅಪ್ಪನನ್ನು ನೋಡಿ ಬರುತ್ತೇನೆಂದು ಹೇಳಿ ಬಾಗಲಕೋಟೆಗೆ ಹೋದೆ. ಡಾಕ್ಟರ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅವತ್ತು ನಾ ಆ ದವಾಖಾನಿಯವರಿಗೆ ಬೈದಾಗ ನೀ ಇಲ್ಲೇ ನಿಂತಿದ್ದಿ.”

“ಹೌದ್ರಿ.”

ನಾನೇ ಕೇಳಿದೆ, “ಹೇಳಿದ್ರ ಬಾವು ಬರತಿರಲಿಲ್ಲೇನ್ರಿ?”

“ಎಲ್ಲಾ ಪಾಲಿಸಿದವರಿಗೂ ಬರತೈತಿ. ಏನೂ ಪಾಲಿಸದವರಿಗೆ ಬರದನೂ ಇರತೈತಿ. ಬಗಲಾಗಿನ ಗಂಟು ತಗದಾರ, ಕರೆಂಟ್ ಕೊಟ್ಟಾರ, ಅಷ್ಟ ಸಾಕು ಅದಕ್ಕ. ಹೇಳಿದ್ರ ಬರತಿರಲಿಲ್ಲ ಅಂತ ನಾ ಹೇಳಲಾರೆ. ಬರತಿತ್ತು ಅಂತನೂ ಹೇಳಲಾರೆ.” ಮತ್ತೆ ಕನ್ನಡಕ ಹಾಕಿಕೊಂಡು ಹೇಳಿದರು, “ಆದ್ರ ಬಂದ ಕೂಡ್ಲೆ ಬಂದಿದ್ರ, ಅಷ್ಟು ಕೆಡತಿರಲಿಲ್ಲ. ಆ ಬರಿ ಬೀಳತಿರಲಿಲ್ಲ.”

ಹೊರಗೆ ಪೇಶಂಟುಗಳು ಕಾದಿದ್ದರು. ನಾನು ಎದ್ದೆ.

ಮಧ್ಯಾಹ್ನದ ಬಸ್ಸಿಗೆ ಇಳಕಲ್ಲಿಗೆ ಬಂದೆ. ಮನೆಯಲ್ಲಿ ಎರಡು ಮಗ್ಗ ನಡೆದಿದ್ದವು, ಭಾವನ ಮಗ್ಗ ನಿಂತಿತ್ತು. ಅವರು ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ನಿಮ್ಮಪ್ಪ ಹೇಗಿದ್ದಾರೆ ಎಂದು ಕೇಳಿದರು. ಆರಾಮ ಇದ್ದಾರೆ ಎಂದೆ. ಬೆಳಗಿನಿಂದ ಉಂಡಿಲ್ಲವೆಂದರು. ಒಳಗೆ ಹೋಗಿ ಸೀರೆ ಬದಲಿಸದೆ ಒಲೆ ಹೊತ್ತಿಸಿದೆ.